ಹೋಗದ ಊರಿಗೆ ಎರಡನೇ ಸಲ

ಮೇಷ್ಟ್ರ ಕೆಲಸದಲ್ಲಿ ಇಂಥ ಫಜೀತಿಗಳು ಬೇಡವೆಂದರೂ ಬಂದು ಮೆಟ್ಟಿಕೊಳ್ಳುತ್ತವೆ. ಬೇರೆಯವರು ಒಂದು ಸುಳ್ಳು ಹೇಳಿದರೆ ಒಬ್ಬರೋ ಇಬ್ಬರೋ ಕೇಳಿಸಿಕೊಂಡು ಮರೆತುಬಿಡುತ್ತಾರೆ. ನಾವು ಹೇಳಿದರೆ ನಲವತ್ತು ಜನ ನೋಟ್ಸ್ ಬರೆದುಕೊಳ್ಳುತ್ತಾರೆ.

ನಾನು ಮೈಸೂರಿನವಳು. ಮಲೇಷ್ಯಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಯಜಮಾನರಿಗೆ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಪುಚೊಂಗ್‌ನಲ್ಲಿ. ನಾನು ಅಲ್ಲೇ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ವಾಸ್ತುಶಿಲ್ಪದ ಇತಿಹಾಸ ಕಲಿಸುತ್ತೇನೆ. ಈಗ ಹೇಳಹೊರಟಿರುವುದೆಲ್ಲ ಇಟಲಿಯ ಒಂದು ಬೆಟ್ಟದೂರಿಗೆ ಸಂಬಂಧಪಟ್ಟದ್ದು. ಆ ಊರಿಗೂ ನನಗೂ ಏನು ಸಂಬಂಧ ಅಂತ ಮೊದಲೇ ಹೇಳಿಬಿಡುತ್ತೇನೆ. ಏನೂ ಇರಲಿಲ್ಲ.

೧. ಒಂದೇ ಒಂದು ‘ಹ್ಞೂಂ’

ಕೆಲಸಕ್ಕೆ ಸೇರಿದ ಮೊದಲ ವರ್ಷ. ಇಟಲಿಯ ಬೆಟ್ಟದೂರುಗಳ ಪಾಠ. ಶತ್ರುಗಳ ಭಯಕ್ಕೆ ಬೆಟ್ಟದ ನೆತ್ತಿಯ ಮೇಲೆ ಕಟ್ಟಿಕೊಂಡ ಊರು, ಸುತ್ತ ಕೋಟೆ ಗೋಡೆ, ಒಳಗೆ ಕಿರಿದಾದ ಕಲ್ಲು ಹಾಸಿನ ಓಣಿಗಳು, ಎಲ್ಲ ಓಣಿಗಳೂ ಹೋಗಿ ಸೇರುವ ಒಂದು ಚೌಕ. ಚೌಕದಲ್ಲಿ ಒಂದು ಚರ್ಚು, ಎದುರಿಗೆ ನಗರಸಭೆಯ ಗೋಪುರ. ಕಾಲೇಜಿನ ಕಪಾಟಿನಲ್ಲಿದ್ದ ಹಳೇ ಸ್ಲೈಡನ್ನು ಸ್ಕ್ಯಾನ್ ಮಾಡಿಸಿ ತೋರಿಸುತ್ತಿದ್ದೆ. ನನ್ನ ಪಾಠ ನನಗೇ ಹಿಡಿಸಿಬಿಟ್ಟಿತ್ತು, ಕೈ ಬಾಯಿ ಎರಡೂ ಆಡುತ್ತಿದ್ದವು.

ಮುಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ, “ಮಿಸ್, ನೀವು ಅಲ್ಲಿಗೆ ಹೋಗಿದ್ದೀರಾ?”

“ಇಲ್ಲಪ್ಪ” ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಂದ “ಹ್ಞೂಂ” ಅಂತ ಬಂತು.

ಆ ವರ್ಷಕ್ಕೆ ಅಷ್ಟೇ. ಮಾರನೇ ವರ್ಷದ ಮಕ್ಕಳು “ಮಿಸ್ ಹೋಗಿದ್ದಾರಂತೆ” ಅಂತ ತಿಳಿದುಕೊಂಡೇ ಬಂದಿದ್ದರು. ಅವರಿಗಾಗಿ ಒಬ್ಬ ಅಜ್ಜಿಯನ್ನು ಸೇರಿಸಿದೆ. ದಾರಿ ತಪ್ಪಿ ನಿಂತಿದ್ದ ನನ್ನನ್ನು ಮನೆಯೊಳಗೆ ಕರೆದು, ಒಲೆಯಿಂದ ಆಗ ತಾನೇ ತೆಗೆದ, ಹದವಾಗಿ ಉಪ್ಪು ಬಿದ್ದ ಬಿಸಿ ಬ್ರೆಡ್ಡು ಕೊಟ್ಟ ಅಜ್ಜಿ. ಮೂರನೇ ವರ್ಷ ಅಜ್ಜಿಗೊಂದು ಬೆಕ್ಕು ಬಂತು. ಐದನೇ ವರ್ಷ ನನ್ನ ಕಾಲು ಉಳುಕಿತು, ಅಜ್ಜಿ ಎಣ್ಣೆ ಹಚ್ಚಿ ತಿಕ್ಕಿದಳು. ಏಳನೇ ವರ್ಷದ ಮಕ್ಕಳು ಪಾಠ ಶುರುವಾಗುವ ಮೊದಲೇ “ಮಿಸ್, ಕಾಲು ಉಳುಕಿದ ಕಥೆ ಯಾವತ್ತು?” ಅಂತ ಕೇಳಿದರು.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಯಜಮಾನರು ಚಪಾತಿ ಮುರಿಯುತ್ತಾ ಒಂದೇ ಮಾತು ಕೇಳಿದರು.

“ಯಾವ ಕಾಲು?”

“ಎಡಗಾಲು.”

“ಬರೆದಿಟ್ಟುಕೋ ಮಾರಾಯ್ತಿ. ಮುಂದಿನ ವರ್ಷ ಬಲಗಾಲು ಅಂತೀಯ.”

೨. ನಕ್ಷೆ ನೋಡಿ ಪಂಡಿತೆ

ಹೋದ ವರ್ಷ ನಮ್ಮ ಡೀನ್ ನನ್ನನ್ನು ಕೋಣೆಗೆ ಕರೆದರು. ವಯಸ್ಸಾದ ಚೀನೀ ಮಹಾಶಯರು, ಬಲು ಮೆದು ಮಾತು, ಕೊನೆಗೆ ಇಲ್ಲಿಯವರೆಲ್ಲರ ಹಾಗೆ ಒಂದು ‘ಲಾ’. “ಹನ್ನೆರಡು ವಿದ್ಯಾರ್ಥಿಗಳನ್ನು ಇಟಲಿಗೆ ಅಧ್ಯಯನ ಪ್ರವಾಸಕ್ಕೆ ಕಳಿಸ್ತಿದ್ದೇವೆ. ಗೈಡ್ ಯಾಕೆ ಬೇಕು ಲಾ? ನಿಮಗೆ ಆ ಊರು ಅಂಗೈ ಇದ್ದ ಹಾಗೆ. ನೀವೇ ಕರ್ಕೊಂಡು ಹೋಗಿ” ಅಂದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಕಾಂಟ್ರಾಕ್ಟಿನ ಕಡತ ಮುಟ್ಟಿ, “ಬಂದ ಮೇಲೆ ಇದನ್ನೂ ಮುಂದುವರಿಸೋಣ” ಅಂದರು.

ಹೊರಗೆ ಬಂದು ಲೆಕ್ಕ ಹಾಕಿದೆ. ಈಗ “ನಾನು ಹೋಗೇ ಇಲ್ಲ” ಅಂದರೆ ಹತ್ತು ವರ್ಷದ ಮಾನ ಮೂರು ಕಾಸಿಗೆ ಹೋಗುತ್ತದೆ. ಅಲ್ಲಿಗೆ ಹೋಗಿ ಸಿಕ್ಕಿಬಿದ್ದರೆ ಮಾನದ ಜೊತೆ ಕೆಲಸವೂ ಹೋಗುತ್ತದೆ. ಮಕ್ಕಳ ಮುಂದೆ ಸುಳ್ಳುಗಾತಿ ಆಗಿಬಿಡುತ್ತೇನಲ್ಲ ಅನ್ನುವುದೇ ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತಿತ್ತು.

ಮೂರು ತಿಂಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಊರಿನ ರಸ್ತೆಗಳನ್ನು ನಕ್ಷೆಯಲ್ಲಿ ಓಡಾಡಿದೆ. ರಸ್ತೆಯ ಚಿತ್ರ ತೋರಿಸುತ್ತದಲ್ಲ, ಅದರಲ್ಲಿ. ಬಸ್ ನಿಲ್ದಾಣ, ಔಷಧಿ ಅಂಗಡಿ, ಹಸಿರು ಕಸದ ಡಬ್ಬಿ, ಡಬ್ಬಿ ಪಕ್ಕದ ಮುರಿದ ಬೆಂಚು, ಎಲ್ಲ ಬಾಯಿಪಾಠ ಆಯಿತು. ಯಜಮಾನರು ಮಾಮಾಕ್ ಅಂಗಡಿಯಿಂದ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಿಂದ, ನಮ್ಮ ಪರೋಟದಂಥ ರೊಟ್ಟಿ ಚನಾಯ್ ಕಟ್ಟಿಸಿಕೊಂಡು ಬಂದು ಮುಂದಿಟ್ಟರೂ ಕಣ್ಣೆತ್ತುತ್ತಿರಲಿಲ್ಲ.

“ಎಲ್ಲಿದ್ದೀಯ ಈಗ?” ಅಂತ ಕೇಳುತ್ತಿದ್ದರು.

“ಔಷಧಿ ಅಂಗಡಿ ದಾಟಿದೆ ರೀ.”

“ಬರ್ತಾ ನನಗೆ ಆಸಿಡಿಟಿ ಮಾತ್ರೆ ತಗೊಂಡು ಬಾ.”

ಹೊರಡುವ ಹಿಂದಿನ ದಿನ ಒಂದು ವಿಷಯ ಹೊಳೆಯಿತು. ಆ ಚಿತ್ರಗಳನ್ನು ತೆಗೆದದ್ದು ಕಾರಿನಿಂದ. ಕೋಟೆ ಬಾಗಿಲಿನೊಳಗೆ ಕಾರು ಹೋಗುವುದಿಲ್ಲ. ಅಂದರೆ ನಾನು ಮೂರು ತಿಂಗಳು ಕಣ್ಣು ಹಾಳುಮಾಡಿಕೊಂಡು ಕಲಿತದ್ದೆಲ್ಲ ಊರಿನ ಹೊರಗಿನ ಪಾರ್ಕಿಂಗ್ ಜಾಗ.

೩. ಗೋಡೆ ಪಾಠ

ನಕ್ಷೆಯಲ್ಲಿ ಏರು ಕಾಣಿಸುವುದಿಲ್ಲ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಬಸ್ಸಿನಿಂದ ಇಳಿದು ತಲೆ ಎತ್ತಿ ನೋಡಿದೆ. ಊರು ಅಲ್ಲೆಲ್ಲೋ ಮೇಲೆ ಇತ್ತು. ಜೇನು ಬಣ್ಣದ ಕಲ್ಲಿನ ಮನೆಗಳು, ಒಂದರ ಹೆಗಲ ಮೇಲೆ ಒಂದು, ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ಹತ್ತು ವರ್ಷ ಪಾಠ ಮಾಡಿದ ಊರು, ಮೊದಲ ಸಲ ಕಣ್ಣಾರೆ ನೋಡುತ್ತಿದ್ದೇನೆ, ಆದರೆ ಬಾಯಿ ಬಿಟ್ಟು “ಅಬ್ಬಾ” ಅನ್ನುವ ಹಾಗಿಲ್ಲ. ಮಕ್ಕಳೆಲ್ಲ “ವಾವ್, ವಾವ್” ಅನ್ನುತ್ತಿದ್ದಾರೆ. ನಾನು ತವರುಮನೆಗೆ ಬಂದವಳ ಹಾಗೆ ಬ್ಯಾಗು ಸರಿಮಾಡಿಕೊಂಡು “ಬನ್ನಿ ಬನ್ನಿ” ಅಂದೆ. ಆವತ್ತು ಪಟ್ಟ ಸಂಕಟ ದೇವರಿಗೇ ಗೊತ್ತು.

ಇನ್ನು ಏರು. ಪುಚೊಂಗ್‌ನಲ್ಲಿ ನಾನು ಹತ್ತುವುದೇನಿದ್ದರೂ ಕಾರು, ಲಿಫ್ಟು, ಮಾಲಿನ ಎಸ್ಕಲೇಟರು. ಎರಡನೇ ತಿರುವಿಗೇ ಉಸಿರು ಬಾಯಿಗೆ ಬಂತು. ಕ್ಲಾಸಿನಲ್ಲಿ “ಆ ಏರು ಹತ್ತುವುದೇ ಒಂದು ಸುಖ” ಅಂತ ಬೇರೆ ಹೇಳಿದ್ದೆ. ನಿಲ್ಲಬೇಕು, ಆದರೆ ಸುಸ್ತಾಯಿತು ಅನ್ನಬಾರದು. ಪಕ್ಕದಲ್ಲಿ ಒಂದು ಗೋಡೆ ಇತ್ತು.

“ಎಲ್ಲರೂ ನಿಲ್ಲಿ. ಈ ಗೋಡೆ ನೋಡಿ. ಹತ್ತು ನಿಮಿಷ ಸುಮ್ಮನೆ ನೋಡಿ” ಅಂದೆ.

ಹನ್ನೆರಡು ಜನರೂ ಪುಸ್ತಕ ತೆಗೆದು ಗೋಡೆ ಬರೆದುಕೊಳ್ಳತೊಡಗಿದರು. ನಾನು ಉಸಿರು ತೆಗೆದುಕೊಂಡೆ. ಮುಂದಿನ ತಿರುವಿನಲ್ಲಿ ಇನ್ನೊಂದು ಗೋಡೆ. ಅದಕ್ಕೂ ಒಂದು ಪಾಠ: ಕಲ್ಲು ಜೋಡಿಸಿದ ಬಗೆ, ಸುಣ್ಣದ ಗಾರೆ, ಮಳೆ ನೀರು ಹರಿದ ಗುರುತು. ಹೀಗೆ ಆರು ಗೋಡೆ ಮುಗಿಸಿದೆವು. ಏಳನೆಯದರ ಮುಂದೆ ನಾನು ಎದೆ ಹಿಡಿದುಕೊಂಡು, “ಇದರ ಸರಳತೆ ನೋಡಿ, ಎಷ್ಟು ಶತಮಾನದ ಅನುಭವ ಇದರ ಹಿಂದಿದೆ” ಅನ್ನುತ್ತಿದ್ದೆ. ಗೋಡೆ ಪಕ್ಕದ ಬಾಗಿಲು ಮೇಲಕ್ಕೆ ಸರಿದು, ಒಳಗಿಂದ ಸ್ಕೂಟರ್ ತಳ್ಳಿಕೊಂಡು ಒಬ್ಬ ಬಂದ. ನಾವೆಲ್ಲ ಬರೆದುಕೊಳ್ಳುತ್ತಿರುವುದನ್ನು ನೋಡಿ ಅವನಿಗೆ ಖುಷಿಯೋ ಖುಷಿ. ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ:

“ಚೆನ್ನಾಗಿದೆಯಾ? ಹೋದ ವರ್ಷ ನಾನೇ ಕಟ್ಟಿದ್ದು. ಗ್ಯಾರೇಜು.”

೪. ಬೆನ್ನು ಹಾಕಿ ನೋಡಿದ ಚೌಕ

ಕೊನೆಗೂ ಚೌಕ ತಲುಪಿದೆವು. ಇದಂತೂ ನನ್ನ ಕೋಟೆ. ಆ ಸ್ಲೈಡನ್ನು ಎಷ್ಟು ಸಲ ತೋರಿಸಿದ್ದೇನೆಂದರೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಸ್ವಲ್ಪ ಜಂಬ ಮಾಡೋಣ ಅನ್ನಿಸಿತು. ಚೌಕಕ್ಕೆ ಬೆನ್ನು ಹಾಕಿ, ಮಕ್ಕಳ ಕಡೆ ಮುಖ ಮಾಡಿ ಶುರುಮಾಡಿದೆ.

“ನಾನು ತಿರುಗಿ ನೋಡದೇ ಹೇಳ್ತೀನಿ. ನಿಮ್ಮ ಬಲಕ್ಕೆ ಚರ್ಚು, ಅದರ ಮುಂದೆ ಹದಿನಾಲ್ಕು ಮೆಟ್ಟಿಲು. ಎಡಕ್ಕೆ ನಗರಸಭೆಯ ಗೋಪುರ, ಗಡಿಯಾರ.”

ಯಾರೂ ಬರೆದುಕೊಳ್ಳಲಿಲ್ಲ. ಒಂದು ಮಲಯ್ ಹುಡುಗಿ ಬಲು ವಿನಯವಾಗಿ, “ಮಿಸ್, ಚರ್ಚು ಎಡಕ್ಕಿದೆ” ಅಂದಳು.

ತಿರುಗಿದೆ. ಚರ್ಚು ಎಡಕ್ಕಿತ್ತು. ಗೋಪುರ ಬಲಕ್ಕಿತ್ತು. ನನಗೆ ಆ ಕ್ಷಣವೇ ಗೊತ್ತಾಯಿತು: ಸ್ಲೈಡು ಉಲ್ಟಾ ಇಟ್ಟು ಸ್ಕ್ಯಾನ್ ಮಾಡಿದ್ದಾರೆ. ಹತ್ತು ವರ್ಷ, ಹತ್ತು ಬ್ಯಾಚು, ಅಷ್ಟೂ ಜನಕ್ಕೆ ಕನ್ನಡಿಯೊಳಗಿನ ಊರು ಕಲಿಸಿದ್ದೇನೆ. ಒಮ್ಮೆಯಾದರೂ ಬಂದು ನೋಡಿದವಳು ಇಂಥ ತಪ್ಪು ಮಾಡುತ್ತಾಳಾ?

“ಗೊತ್ತು. ಎಲ್ಲರೂ ಹಿಂದಕ್ಕೆ ತಿರುಗಿ” ಅಂದೆ. ಯಾಕೆ ಹಾಗಂದೆನೋ ನನಗೇ ತಿಳಿಯದು. ಹನ್ನೆರಡು ಜನರೂ ಚೌಕಕ್ಕೆ ಬೆನ್ನು ಹಾಕಿ, ಒಂದು ಚಪ್ಪಲಿ ಅಂಗಡಿಯ ಕಡೆ ಮುಖ ಮಾಡಿ ನಿಂತರು. “ಈಗ ಚರ್ಚು ಯಾವ ಕಡೆ?”

“ಬಲಕ್ಕೆ, ಮಿಸ್.”

“ಅದನ್ನೇ ನಾನು ಹೇಳಿದ್ದು. ಮೊದಲು ಬೆನ್ನಿನಿಂದ ಅನುಭವಿಸಬೇಕು. ಕಣ್ಣು ಆಮೇಲೆ.”

ಮಕ್ಕಳು ಹಾಗೇ ನಿಂತಿದ್ದರು. ಅಷ್ಟರಲ್ಲಿ ಇನ್ನೊಂದು ದೇಶದ ಪ್ರವಾಸಿಗಳ ಗುಂಪು ಬಂತು. ಅವರ ಗೈಡು ಕೊಡೆ ಎತ್ತಿ ಹಿಡಿದು ಏನೋ ಹೇಳುತ್ತಿದ್ದವಳು ನಮ್ಮನ್ನು ನೋಡಿ ಮಾತು ನಿಲ್ಲಿಸಿದಳು. ಒಂದು ನಿಮಿಷ ಯೋಚಿಸಿದಳು. ಆಮೇಲೆ ತನ್ನ ಮೂವತ್ತು ಜನರನ್ನೂ ಚಪ್ಪಲಿ ಅಂಗಡಿ ಕಡೆ ತಿರುಗಿಸಿ ನಿಲ್ಲಿಸಿದಳು.

ಆ ಮಧ್ಯಾಹ್ನ, ನಾವು ಇಳಿದುಕೊಂಡಿದ್ದ ಕೆಳಗಿನ ಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಯಜಮಾನರಿಗೆ ಫೋನ್ ಮಾಡಿದೆ. ಇದು ದಿನಾ ನಡೆಯುತ್ತಿತ್ತು. ನಮಗೆ ಮಧ್ಯಾಹ್ನ ಆದಾಗ ಅವರಿಗೆ ಪುಚೊಂಗ್‌ನಲ್ಲಿ ರಾತ್ರಿ ಊಟದ ಹೊತ್ತು. ಬಸ್ಸಿನಲ್ಲಿ ಮಲಯ್, ಚೀನೀ, ತಮಿಳು ಮಕ್ಕಳು. ಕನ್ನಡ ಯಾರಿಗೂ ಬರುವುದಿಲ್ಲ, ಹಾಗಾಗಿ ಗಂಟಲು ಬಿಟ್ಟೇ ಮಾತಾಡುತ್ತಿದ್ದೆ.

“ರೀ, ಹತ್ತು ವರ್ಷ ಉಲ್ಟಾ ಪಾಠ ಮಾಡಿದ್ದೀನಿ ಕಣ್ರೀ!”

“ಅದನ್ನ ಕಲಿತೋರು ಮನೆಗಳನ್ನ ಕಟ್ಟಿದ್ದಾರಾ?”

“ಕಟ್ಟಿದ್ದಾರೆ.”

“ನಿಂತಿವೆ ತಾನೇ? ಬಿಡು ಅತ್ಲಾಗೆ.”

೫. ಉಪ್ಪಿಲ್ಲದ ಬ್ರೆಡ್ಡು

ಊಟದ್ದು ಬೇರೆ ರಾಮಾಯಣ. ನಾನು ಸಸ್ಯಾಹಾರಿ. ಮಲಯ್ ಮಕ್ಕಳಿಗೆ ಹಲಾಲ್ ಆಗಬೇಕು. ಒಬ್ಬ ಹುಡುಗನಿಗೆ ಹಾಲು ಆಗದು, ಇಟಲಿಯಲ್ಲಿ ಚೀಸ್ ಹಾಕದ ಊಟ ಹುಡುಕುವುದೆಂದರೆ ಅವನ ಹಣೆಬರಹ. ಎಲ್ಲರಿಗೂ ಆಗುವಂಥದ್ದು ಒಂದು ಸಣ್ಣ ಹೋಟೆಲಿನಲ್ಲಿ ಸಿಕ್ಕಿತು. ಬೀನ್ಸ್ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ, ಹಿಂದಿನ ದಿನದ ಬ್ರೆಡ್ಡನ್ನು ಮುರಿದು ಬೇಯಿಸಿದ ಗಟ್ಟಿ ಸಾರು. ತಂಗಳನ್ನು ಇಷ್ಟು ಗೌರವದಿಂದ ಬಡಿಸುವವರನ್ನು ನೋಡಿ ನನಗೆ ಬಹಳ ಹಿತವೆನಿಸಿತು. ಎರಡು ಬಟ್ಟಲು ತಿಂದೆ.

ಜೊತೆಗೆ ಬುಟ್ಟಿ ತುಂಬ ಬ್ರೆಡ್ಡು ಬಂತು. ಒಂದು ಚೂರು ಬಾಯಿಗಿಟ್ಟ ತಮಿಳು ಹುಡುಗ, “ಮಿಸ್, ಇದರಲ್ಲಿ ಉಪ್ಪೇ ಇಲ್ಲ” ಅಂದ. ಹೋಟೆಲಿನ ಯಜಮಾನಿ ಸೊಂಟಕ್ಕೆ ಕೈಯಿಟ್ಟು ಹೇಳಿದಳು: ಈ ಕಡೆ ಬ್ರೆಡ್ಡಿಗೆ ಉಪ್ಪು ಹಾಕುವ ಪದ್ಧತಿಯೇ ಇಲ್ಲ, ಮುತ್ತಜ್ಜಿಯ ಮುತ್ತಜ್ಜಿಯ ಕಾಲದಿಂದಲೂ ಇಲ್ಲ, ಈ ಊರಿನ ಯಾವ ಮನೆಯಲ್ಲೂ ಇಲ್ಲ.

ನಾನು ಸಾರಿನೊಳಗೆ ಚಮಚ ಆಡಿಸುತ್ತಾ ತಲೆ ಎತ್ತಲಿಲ್ಲ. ಹುಡುಗ ಬಿಡಬೇಕಲ್ಲ. “ಮಿಸ್, ನಿಮ್ಮ ಅಜ್ಜಿ ಕೊಟ್ಟ ಬ್ರೆಡ್ಡಿಗೆ ಹದವಾಗಿ ಉಪ್ಪು ಇತ್ತು ಅಂದಿದ್ದಿರಿ. ನೋಟ್ಸಲ್ಲಿ ಇದೆ.”

ಎಲ್ಲರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಮುಖಗಳು ಬಲು ಗಂಭೀರವಾಗಿದ್ದವು. ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಆಲಿವ್ ಎಣ್ಣೆ ಸುರಿದು, ಮೇಲೆ ಪುಡಿ ಉದುರಿಸಿ, ಬ್ರೆಡ್ಡು ಅದ್ದಿ ತಿನ್ನಿ ಅಂದೆ. ಐದು ನಿಮಿಷದಲ್ಲಿ ಡಬ್ಬಿ ಖಾಲಿ. ಆ ಗದ್ದಲದಲ್ಲಿ ಅಜ್ಜಿ ಮರೆತುಹೋಗುತ್ತಾಳೆ ಅಂದುಕೊಂಡಿದ್ದೆ. ಹುಡುಗ ಬೆರಳು ನೆಕ್ಕುತ್ತಾ ಮತ್ತೆ ಕೇಳಿದ, “ಹಾಗಾದರೆ ಅಜ್ಜಿ ಯಾಕೆ ಉಪ್ಪು ಹಾಕಿದ್ದು, ಮಿಸ್?”

“ಅವಳಿಗೆ ಬಿ.ಪಿ. ಇರಲಿಲ್ಲಪ್ಪ” ಅಂದೆ.

೬. ಅಜ್ಜಿ ಮನೆ

ಅಜ್ಜಿಯ ಕಾಟ ಅಲ್ಲಿಗೆ ನಿಲ್ಲಲಿಲ್ಲ. ಮೊದಲ ದಿನದಿಂದಲೂ “ಮಿಸ್, ಅಜ್ಜಿ ಮನೆ ತೋರಿಸಿ” ಅಂತ ದುಂಬಾಲು. ದೂರ ಇದೆ ಅಂದೆ, ಊರು ಆ ಕೊನೆಯಿಂದ ಈ ಕೊನೆಗೆ ಹದಿನೈದು ನಿಮಿಷದ ನಡಿಗೆ. ತೀರಿಹೋಗಿರಬಹುದು ಅಂದೆ, “ಹಾಗಾದರೆ ಬೆಕ್ಕನ್ನಾದರೂ ನೋಡೋಣ” ಅಂದರು. ಐದನೇ ದಿನ ಒಬ್ಬಳು, “ನಾಳೆ ಹೊರಟುಬಿಡ್ತೀವಿ ಲಾ, ಮಿಸ್” ಅಂತ ಮುಖ ಸಣ್ಣದು ಮಾಡಿದಳು. ತಡೆಯಲಾರದೆ ಒಂದು ಓಣಿಯಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿದ್ದ ಮನೆಯೊಂದನ್ನು ಕೈತೋರಿ, “ಇದೇ. ಪಾಪ, ಯಾರೂ ಇದ್ದ ಹಾಗಿಲ್ಲ” ಅಂದೆ.

ಬಾಯಿ ಮುಚ್ಚುವ ಮೊದಲೇ ಆ ತಮಿಳು ಹುಡುಗ ಹೋಗಿ ಬಾಗಿಲು ಬಡಿದ.

ಬಾಗಿಲು ತೆರೆಯಿತು. ಎಂಬತ್ತೈದು ದಾಟಿದ ಅಜ್ಜಿಯೊಬ್ಬಳು ಹೊಸ್ತಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿ ಹನ್ನೆರಡು ಮಕ್ಕಳನ್ನು ದಾಟಿ ನನ್ನನ್ನು ನೋಡಿದಳು. ಎರಡೂ ಕೈ ಚಾಚಿ ಬಂದು ನನ್ನನ್ನು ಅಪ್ಪಿಕೊಂಡಳು. ಕೆನ್ನೆ ಎರಡೂ ಹಿಡಿದು ಏನೇನೋ ಹೇಳಿದಳು. ಅವಳ ಕಣ್ಣಲ್ಲಿ ನೀರು. ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಮಕ್ಕಳು ಹೊರಗೇ ನಿಂತರು. ಒಳಗೆ ಹೋದವಳಿಗೆ ಏಪ್ರನ್ ಕಟ್ಟಿದಳು. ಮಾತ್ರೆ ಡಬ್ಬಿ ತೋರಿಸಿದಳು. ಸಿಂಕ್ ತೋರಿಸಿದಳು. ಪಾತ್ರೆ ರಾಶಿ ಬಿದ್ದಿತ್ತು. ಭಾಷೆ ಬಾರದ ಜಾಗದಲ್ಲಿ ಕೈ ಕಟ್ಟಿ ನಿಲ್ಲುವುದು ಹೇಗೆ? ತೊಳೆಯತೊಡಗಿದೆ.

ಅರ್ಧ ರಾಶಿ ಮುಗಿಯುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಇಂಗ್ಲಿಷ್ ಬರುವ ಪಕ್ಕದ ಮನೆಯಾತ ಬಂದ. ಸಂಗತಿ ಆಗ ತಿಳಿಯಿತು. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದವಳು ಬಿಟ್ಟುಹೋಗಿ ಮೂರು ವಾರ. ಹೊಸಬಳು ಶ್ರೀಲಂಕಾದವಳು, ಆವತ್ತೇ ಬರಬೇಕಿತ್ತು. ಅಜ್ಜಿಗೆ ಕಣ್ಣು ಮಂಜು. ಬೆಳಗಿನಿಂದ ಬಾಗಿಲ ಹಿಂದೆಯೇ ಕುರ್ಚಿ ಹಾಕಿಕೊಂಡು ಕಾದಿದ್ದಾಳೆ. ಉಳಿದ ಪಾತ್ರೆಯನ್ನೂ ತೊಳೆದು, ಅಜ್ಜಿಯ ಕೈ ಒತ್ತಿ, ಏಪ್ರನ್ ಬಿಚ್ಚಿಟ್ಟು ಬಂದೆ.

ಹೊರಗೆ ಬಂದರೆ ಹನ್ನೆರಡು ಜನರೂ ಕಿಟಕಿಯ ಸಂದಿಯಲ್ಲಿ ಇಣುಕುತ್ತಿದ್ದಾರೆ. ಫೋಟೋ ಬೇರೆ ತೆಗೆದಿದ್ದಾರೆ. ನಡೆದದ್ದನ್ನು ಹೇಳಿಬಿಡಬೇಕಿತ್ತು. ಆದರೆ ದೇವರೇ ಕಳಿಸಿದ ಸಾಕ್ಷಿಯನ್ನು ಯಾರಾದರೂ ವಾಪಸ್ಸು ಕಳಿಸುತ್ತಾರಾ?

“ನೋಡಿ, ಇನ್ನೂ ನೆನಪಿಟ್ಟುಕೊಂಡಿದ್ದಾಳೆ” ಅಂದೆ.

೭. ತಪ್ಪೊಪ್ಪಿಗೆ

ಮಾರನೇ ದಿನ, ಹೊರಡುವ ದಿನ, ಡೀನ್ ಸಾಹೇಬರಿಂದ ಸಂದೇಶ ಬಂತು. ಮಕ್ಕಳು ಆ ಫೋಟೋ ಕಳಿಸಿದ್ದರು. ಅಜ್ಜಿ ನನ್ನ ಕೆನ್ನೆ ಹಿಡಿದಿರುವುದು ಒಂದು, ನಾನು ಪಾತ್ರೆ ತೊಳೆಯುತ್ತಿರುವುದು ಒಂದು. “ಅದ್ಭುತ! ಕಾಲೇಜಿನ ಪುಟದಲ್ಲಿ ಹಾಕಿಸ್ತಿದ್ದೇನೆ. ಮುಂದಿನ ವರ್ಷದ ಕೈಪಿಡಿಯಲ್ಲೂ ಅಚ್ಚು ಹಾಕಿಸೋಣ. ‘ಹಳೆಯ ಅಜ್ಜಿಯನ್ನು ಮತ್ತೆ ಕಂಡ ನಮ್ಮ ಅಧ್ಯಾಪಕಿ’.”

ಬಾಯಲ್ಲಿ ಹೇಳಿದ ಸುಳ್ಳು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಎಲ್ಲಿಗೆ ಹೋಗುತ್ತದೆ? ಅದೂ ಮೂರು ವಾರ ಒಂಟಿಯಾಗಿ ಕಾದಿದ್ದ ಮುದುಕಿಯ ಕಣ್ಣೀರನ್ನು ನನ್ನ ಡೌಲಿಗೆ ಬಳಸಿಕೊಂಡು. ಸಾಕಪ್ಪ ಸಾಕು ಅನ್ನಿಸಿತು. ಕೆಲಸ ಹೋದರೆ ಹೋಗಲಿ, ಮಕ್ಕಳ ಮುಂದೆ ಒಪ್ಪಿಕೊಂಡೇಬಿಡುತ್ತೇನೆ ಅಂತ ನಿಶ್ಚಯ ಮಾಡಿದೆ.

ಕೋಟೆ ಬಾಗಿಲ ಹೊರಗೆ ಬಸ್ಸಿಗೆ ಕಾಯುತ್ತಿದ್ದೆವು. ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಹೇಳಿದೆ. “ಮಕ್ಕಳೇ, ನಾನು ಈ ಊರಿಗೆ ಹಿಂದೆ ಯಾವತ್ತೂ ಬಂದಿರಲಿಲ್ಲ. ಇದೇ ಮೊದಲು. ಅಜ್ಜಿ, ಬೆಕ್ಕು, ಉಳುಕಿದ ಕಾಲು, ಎಲ್ಲ ಸುಳ್ಳು. ನನ್ನನ್ನು ಕ್ಷಮಿಸಿಬಿಡಿ.”

ಯಾರೂ ಬೆಚ್ಚಿಬೀಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಸ್ಸಿನಲ್ಲಿ ಯಾವಾಗಲೂ ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ, ಮಾತೇ ಆಡದ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ತಮಿಳು ಹೆಸರು, ತಮಿಳರ ಹುಡುಗಿ ಅಂತಲೇ ಇಷ್ಟು ದಿನ ತಿಳಿದಿದ್ದೆ.

“ಸಾರಿ, ಮಿಸ್. ನಮಗೆ ಗೊತ್ತಿತ್ತು” ಅಂದಳು ಇಂಗ್ಲಿಷಿನಲ್ಲಿ. ಆಮೇಲೆ ತಡವರಿಸುತ್ತಾ ಅಚ್ಚ ಉಡುಪಿ ಕಡೆಯ ಕನ್ನಡದಲ್ಲಿ, “ನನ್ನ ಅಪ್ಪ ಮಲೇಷ್ಯಾದ ತಮಿಳರು. ಅಮ್ಮ ಮಣಿಪಾಲದವರು, ಮಿಸ್. ಮೆಡಿಕಲ್ ಕಾಲೇಜಲ್ಲಿ ಡಾಕ್ಟ್ರು. ಮನೇಲಿ ಕನ್ನಡ ಉಂಟು. ನಾನು ಮಾತಾಡುದು ಕಡಿಮೆ, ಅರ್ಥ ಎಲ್ಲ ಆಗ್ತದೆ.”

ಭೂಮಿ ಬಾಯಿ ಬಿಟ್ಟರೆ ಸಾಕಪ್ಪ ಅನ್ನಿಸಿತು. ಆರು ದಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ನಾನು ಆಡದ ಮಾತಿಲ್ಲ. ಹೊರಡುವಾಗ ವಿಮಾನ ನಿಲ್ದಾಣದಲ್ಲೇ “ರೀ, ಜನ್ಮದಲ್ಲಿ ಕಾಲಿಟ್ಟಿಲ್ಲದ ಊರು, ನಾನು ಸತ್ತೆ” ಅಂತ ಕೂಗಿದ್ದೆ. ಈಕೆ ಅಲ್ಲಿಂದಲೇ ಹನ್ನೊಂದು ಜನಕ್ಕೂ ದಿನದಿನದ ವರದಿ ಒಪ್ಪಿಸಿದ್ದಾಳೆ. ಬ್ರೆಡ್ಡಿನ ಉಪ್ಪು, ಅಜ್ಜಿ ಮನೆ, ಎಲ್ಲ ಬೇಕೆಂದೇ ಕೇಳಿದ್ದು. ನನ್ನ ಉತ್ತರ ಕೇಳುವುದೇ ಅವರಿಗೆ ದಿನದ ಮಜ.

“ಹಾಗಾದರೆ ನನ್ನ ಮೇಲೆ ಸಿಟ್ಟಿಲ್ಲವಾ?” ಅಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

“ಸಿಟ್ಟಿಲ್ಲ, ಮಿಸ್. ಆದರೆ ಒಂದು ಜಗಳ ಉಂಟು” ಅಂದಳು ಹುಡುಗಿ. “ನಿನ್ನೆಯಿಂದ ನಾವು ಎರಡು ಪಾರ್ಟಿ ಆಗಿದ್ದೇವೆ. ಆರು ಜನ ಹೇಳ್ತಾರೆ, ಮಿಸ್ ನಿಜವಾಗಿ ಇಲ್ಲಿಗೆ ಬಂದಿರಲಿಲ್ಲ ಅಂತ.”

“ಇನ್ನಾರು ಜನ?”

ಆಕೆ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಚೀನೀ ಹುಡುಗ ಎದ್ದು ಬಂದು, ನನ್ನ ಹೆಗಲು ಮುಟ್ಟಿ, ದನಿ ತಗ್ಗಿಸಿ ಹೇಳಿದ. “ಅಜ್ಜಿ ಸುಮ್ಮಸುಮ್ಮನೆ ಅಳೋಲ್ಲ, ಮಿಸ್. ಪರವಾಗಿಲ್ಲ ಲಾ. ನೀವು ಇಲ್ಲಿಗೆ ಬಂದಿದ್ದನ್ನ ಗಂಡನಿಗೆ ಯಾಕೆ ಮುಚ್ಚಿಟ್ಟಿದ್ದೀರೋ ನಾವು ಕೇಳೋದಿಲ್ಲ. ಯಾರಿಗೂ ಹೇಳೋದೂ ಇಲ್ಲ.”

ಶ್ರೀಲಂಕಾದವಳ ಕಥೆ ಬಿಡಿಸಿ ಬಿಡಿಸಿ ಹೇಳಿದೆ. ಬಸ್ಸು ಬರುವಷ್ಟರಲ್ಲಿ ನಾನು ಬಂದಿದ್ದೆ ಅನ್ನುವ ಪಾರ್ಟಿ ಆರರಿಂದ ಎಂಟಕ್ಕೆ ಏರಿತ್ತು. “ಶ್ರೀಲಂಕಾ ತನಕ ಹೋದರಲ್ಲ, ಪಾಪ” ಅಂತ ಹಿಂದೆ ಯಾರೋ ಅಂದದ್ದು ಕೇಳಿಸಿತು.

ಡೀನ್‌ಗೂ ಬರೆದೆ. ‘ಸರ್, ನಾನು ಹಿಂದೆ ಅಲ್ಲಿಗೆ ಹೋಗಿರಲಿಲ್ಲ, ಅಜ್ಜಿ ನನ್ನನ್ನು ಬೇರೆ ಯಾರೋ ಅಂದುಕೊಂಡಳು, ದಯವಿಟ್ಟು ಅಚ್ಚು ಹಾಕಿಸಬೇಡಿ.’ ಉತ್ತರ ಬಂತು: “ಇಷ್ಟೊಂದು ವಿನಯ ಒಳ್ಳೇದಲ್ಲ ಲಾ. ಕಾಂಟ್ರಾಕ್ಟು ಮೂರು ವರ್ಷಕ್ಕೆ ಮುಂದುವರಿಸಿದ್ದೇನೆ.”

ಹತ್ತು ವರ್ಷದಲ್ಲಿ ಆ ಊರಿನ ಬಗ್ಗೆ ನಾನು ಹೇಳಿದ ಒಂದೇ ಒಂದು ನಿಜ ಅದು, ಅದನ್ನು ನಂಬುವವರೇ ಇಲ್ಲ. ನಿಜ ಗೊತ್ತಿದ್ದ ಮನುಷ್ಯ ಜಗತ್ತಿನಲ್ಲಿ ಇನ್ನೊಬ್ಬರೇ ಇದ್ದರು. ಅವರನ್ನು ನೋಡಿದರೆ ಸಾಕು ಅಂತ ವಿಮಾನದಲ್ಲಿ ಒದ್ದಾಡಿಕೊಂಡು ಬಂದೆ.

ಯಜಮಾನರು ಕಾರು ತಂದಿದ್ದರು. ಪುಚೊಂಗ್‌ಗೆ ಹೋಗುವ ದಾರಿಯಲ್ಲಿ ಒಂದು ಮಾಮಾಕ್ ಅಂಗಡಿ ಮುಂದೆ ನಿಲ್ಲಿಸಿ ಇಬ್ಬರಿಗೂ ಟೀ ಹೇಳಿದರು. ಕಾಲೇಜಿನ ಪುಟದ ಫೋಟೋ ಅವರ ಫೋನಿನಲ್ಲೂ ತೆರೆದೇ ಇತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಜ್ಜಿಯ ಮಂಜುಗಣ್ಣು, ಶ್ರೀಲಂಕಾದವಳು, ಮಕ್ಕಳ ಎರಡು ಪಾರ್ಟಿ, ಡೀನ್ ಉತ್ತರ. ಅವರು ನಗುತ್ತಾರೆ ಅಂತ ಕಾದೆ. ನಗಲಿಲ್ಲ. ಟೀಯೊಳಗೆ ಚಮಚ ಆಡಿಸುತ್ತಾ ಫೋಟೋವನ್ನೇ ನೋಡುತ್ತಿದ್ದರು.

“ಗುರುತಿಲ್ಲದೋರ ಮನೇಲಿ ಯಾರಾದರೂ ಇಷ್ಟು ಸಲೀಸಾಗಿ ಪಾತ್ರೆ ತೊಳೀತಾರೇನೇ?” ಅಂದರು.

“ರೀ!”

“ಬೇಜಾರು ಮಾಡ್ಕೋಬೇಡ. ಒಂದೇ ಒಂದು ಮಾತು ಕೇಳ್ತೀನಿ.” ಲೋಟ ಕೆಳಗಿಟ್ಟರು. “ನೀನು ಅಲ್ಲಿಗೆ ಹೋಗಿದ್ದು ನಮ್ಮ ಮದುವೆಗೆ ಮುಂಚೆನೋ, ಆಮೇಲೋ?”